ಪತ್ರಿಕೆಯವನ ಮಗಳು

ನನ್ನ ಮೈದುನ ಓದೆಲು ನಮ್ಮ ಮಂಡಲದ ಊರುಗಳ ಸುದ್ದಿಯನ್ನು ಪತ್ರಿಕೆಗೆ ಬರೆಯುತ್ತಾನೆ. ಪತ್ರಿಕೆಯವರು ಅವನಿಗೆ ಸಂಬಳ ಕೊಡುವುದಿಲ್ಲ. ಊರ ಮುಖಂಡರ ಹುಟ್ಟುಹಬ್ಬಕ್ಕೆ ಜಾಹೀರಾತು ತಂದರೆ ಅದರಲ್ಲಿ ಪಾಲು ಕೊಡುತ್ತಾರೆ. ಜಾಹೀರಾತು ಕೊಟ್ಟವನ ಹೊಗಳಿಕೆ ಮರುದಿನ ಸುದ್ದಿಯಾಗಿ ಬರುತ್ತದೆ. ನಮ್ಮ ಕಡೆ ಇದು ಮದುವೆಯ ಮುಯ್ಯಿಯಷ್ಟೇ ಸಹಜ, ಯಾರಿಗೂ ನಾಚಿಕೆಯಿಲ್ಲ. ನಮ್ಮ ಕೇರಿಯ ನಲ್ಲಿಗೆ ನೀರು ಬಂತೆಂದು ಅವನು ಬರೆದದ್ದನ್ನು ಅವನ ಹೆಂಡತಿ ಸ್ವರೂಪ ಓದಿದ್ದು ದೂರದ ಬೋರಿನ ಹತ್ತಿರ, ಕೊಡ ಹಿಡಿದು ಸಾಲಿನಲ್ಲಿ ನಿಂತು. ಅಂದು ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು.

ಅವರ ಆರು ವರ್ಷದ ಮಗಳು ಮೌನಿಕಳಿಗೆ ಬೀದಿನಾಯಿ ಕಚ್ಚಿತು.

"ಇವತ್ತೇ ಸೂಜಿ ಹಾಕಿಸ್ಬೇಕು. ದವಾಖಾನೇಲಿ ಪುಕ್ಕಟೆ ಹಾಕ್ತಾರೆ. ನಾನೇ ಬರೆದಿದೀನಿ, ನೋಡಿ," ಎಂದು ಓದೆಲು ಪತ್ರಿಕೆ ಚಾಚಿದ.

ಸ್ವರೂಪಳ ತಂದೆ ಕೊಮುರಯ್ಯ ಅದನ್ನು ಮುಟ್ಟಲಿಲ್ಲ. "ಇದನ್ನ ಬರೆಯೋಕೆ ಡಾಕ್ಟರು ಎಷ್ಟು ಕೊಟ್ರು ಅಳಿಯಾ?"

ಮುದುಕನ ಫೋನಿನ ವಿಡಿಯೋದಲ್ಲಿ ಬಿಳಿ ಕೋಟಿನವನೊಬ್ಬ, ಆ ಸೂಜಿಯಿಂದಲೇ ಮಕ್ಕಳು ಸಾಯುತ್ತಿದ್ದಾರೆಂದು ಅಳುತ್ತಿದ್ದ. "ಪಾಪ, ಇವನು ಪುಗಸಟ್ಟೆ ಹೇಳ್ತಾ ಇದಾನೆ. ಬೇರಿನ ರಸ ಕುಡಿಸಿದ್ರೆ ಸಾಕಂತೆ."

"ಮಾವಾ, ಅವನು ಯಾರು, ಯಾವ ಊರಿನವನು, ಅದಾದ್ರೂ ಗೊತ್ತಾ?"

"ನೀನ್ಯಾರು ಅಂತ ಊರಿಗೆಲ್ಲ ಗೊತ್ತಲ್ಲ, ಅದೇ ತೊಂದ್ರೆ."

ಅಷ್ಟರಲ್ಲಿ ಪತ್ರಿಕೆಯ ಕಚೇರಿಯಿಂದ ಕರೆ ಬಂತು. ಮರುದಿನ ಶಾಸಕರ ಹುಟ್ಟುಹಬ್ಬ. ಸಂಜೆಯೊಳಗೆ ಜಾಹೀರಾತು ಸೇರಬೇಕು. ಮಗುವನ್ನು ಕರೆದುಕೊಂಡು ಹೋಗೆಂದು ಹೆಂಡತಿಗೆ ಹೇಳಿ ಓದೆಲು ಗಾಡಿ ಹತ್ತಿದ. ಸಂಜೆ ಫೋನಿನಲ್ಲಿ ವಿಚಾರಿಸಿದಾಗ ಸ್ವರೂಪ, "ಹಾಕಿಸ್ದೆ," ಎಂದಳು. ಕುಡಿಸಿದ್ದು ಬೇರಿನ ರಸ. ಅವನು ಮರುಪ್ರಶ್ನೆ ಹಾಕಲಿಲ್ಲ. ವಿಚಾರಿಸದೆ ಬರೆದು ರೂಢಿಯಾದವನು ಮನೆಯಲ್ಲಿ ಮಾತ್ರ ವಿಚಾರಿಸುತ್ತಾನೆಯೇ?

ತಿಂಗಳು ಕಳೆದಿತ್ತು. ಒಂದು ಬೆಳಿಗ್ಗೆ ಮೌನಿಕ ನೀರಿನ ಲೋಟ ಕಂಡು ಕಿರುಚಿದಳು. ದೊಡ್ಡಾಸ್ಪತ್ರೆಯ ಡಾಕ್ಟರು, ಎಷ್ಟು ಸೂಜಿ ಹಾಕಿಸಿದ್ದೀರಿ ಎಂದು ಕೇಳಿದರು. "ಒಂದೂ ಇಲ್ಲ, ಬೇರಿನ ರಸ ಕುಡಿಸ್ದೆ," ಎಂದಳು ಸ್ವರೂಪ. ಮಗುವನ್ನು ಮಂಚಕ್ಕೆ ಕಟ್ಟಿದರು. "ಅಮ್ಮಾ, ನೀರು," ಎಂದು ತಾನೇ ಬೇಡುತ್ತಿತ್ತು; ನೀರು ತಂದರೆ ಗಂಟಲು ಬಿಗಿದು ಒದ್ದಾಡುತ್ತಿತ್ತು. ಎರಡನೆಯ ದಿನ ಸತ್ತುಹೋಯಿತು. ಅಂಥ ಸಾವನ್ನು ಹಗೆಯ ಮಕ್ಕಳಿಗೂ ಬಯಸಬಾರದು.

ಮಣ್ಣು ಮಾಡಿ ಬಂದ ಓದೆಲು ಹೆಂಡತಿಯ ಮೇಲೆ ಎರಗಿದ. "ಬಾಯಲ್ಲಿ ಹೇಳಿದ್ನಲ್ಲೇ! ಬರೆದೂ ತೋರಿಸಿದ್ನಲ್ಲೇ!"

ಸ್ವರೂಪಳಲ್ಲಿ ಕಣ್ಣೀರು ಉಳಿದಿರಲಿಲ್ಲ. ಗಂಡನ ಮುಖವನ್ನೇ ನೋಡಿ ಕೇಳಿದಳು:

"ಅದೊಂದು ಸಲ ನೀನು ನಿಜ ಬರೆದಿದೀಯ ಅಂತ ನಂಗೆ ಹೇಗೆ ಗೊತ್ತಾಗ್ಬೇಕಿತ್ತು?"