ಎರಡು ಸಾಲುಗಳ ಅದಲುಬದಲು

ಕೆಂಪು ಮೈನಸ್ ಒಂದು, ಹಸಿರು ಪ್ಲಸ್ ಒಂದು, ಅಷ್ಟೇ, ಎರಡು ಸಾಲು ಅದಲುಬದಲು, ಪಕ್ಕದ ಮೇಜಿನವನ ಕುರ್ಚಿ ಕಿರ್ರೆನ್ನುತ್ತಿದೆ, ಎಣ್ಣೆ ಬಿಡೋ ಮಹಾರಾಯ ಅಂದು ವಾರವಾಯಿತು — ಹದಿನಾಲ್ಕು ತಿದ್ದುಪಡಿಗಳಲ್ಲಿ ಒಂಬತ್ತನೆಯ ಪ್ಯಾಚ್ ಇದು, ಕಳಿಸಿದವಳು ಯಾರೋ ಹೊಸಬಳು, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನಲ್ಲಿ ಮೆಮೊರಿ ಪುಟಗಳಿಗೆ ಹಚ್ಚುವ ಗುರುತುಗಳನ್ನು, ಫ್ಲ್ಯಾಗುಗಳನ್ನೆಲ್ಲ ಗುಡಿಸಿ ಸಾರಿಸಲು ಹೊರಟಿದ್ದಾಳೆ, ನನ್ನದು ಓದಿ ಒಪ್ಪುವ ಕೆಲಸ. ಕೊಳಕು ಎಂಬ ಫ್ಲ್ಯಾಗ್ ಇದ್ದರೆ ಆ ಪುಟ ಇನ್ನೂ ಡಿಸ್ಕಿಗೆ ಹೋಗಿಲ್ಲ, ಬಿಸಾಡಬೇಡಿ ಎಂದರ್ಥ. ಹಳೆಯ ಕೋಡ್ ಮೊದಲು ಡಿಸ್ಕಿಗೆ ಬರೆದು ಆಮೇಲೆ ಫ್ಲ್ಯಾಗ್ ಅಳಿಸುತ್ತದೆ, ಬರೆಯುವ ಹೊತ್ತಿಗೇ ಆ ಪುಟಕ್ಕೆ ಹೊಸದೇನಾದರೂ ಬಂದು ಬಿದ್ದರೆ ಅದರ ಗುರುತೂ ಅಳಿಯಿತು, ಅದು ಡಿಸ್ಕ್ ತಲುಪುವುದೇ ಇಲ್ಲ, ಇವಳು ಮೊದಲು ಅಳಿಸಿ ಆಮೇಲೆ ಬರೆಯುತ್ತಾಳೆ, ನೂರಕ್ಕೆ ನೂರು ಸರಿ, ಹಳೆಯದನ್ನು ಯಾವ ಪುಣ್ಯಾತ್ಮ ಬರೆದನೋ — ಕೋಡಿನ ಇತಿಹಾಸ ತೆಗೆದು ನೋಡಿದರೆ ನಾನೇ, ಆರು ವರ್ಷದ ಹಿಂದೆ, ಮಾರ್ಚ್. ಅದೇ ವರ್ಷ ಮೇ ತಿಂಗಳಲ್ಲಿ ತಮ್ಮನ ಫೋಟೋ ಸ್ಟುಡಿಯೋ ಕಂಪ್ಯೂಟರಿಗೆ ನಾನೇ ಆ ಕೋಡಿದ್ದ ಹೊಸ ಕರ್ನಲ್ ಹಾಕಿಕೊಟ್ಟೆ, ಜೂನಿನಲ್ಲಿ ಅವನು ಫೋಟೋ ತೆಗೆದ ಆ ಮದುವೆ, ಎರಡು ಸಾವಿರ ಫೋಟೋ ವೈರ್ ಚುಚ್ಚುವ ಡಿಸ್ಕಿಗೆ ಹಾಕಿ, ಕ್ಯಾಮೆರಾ ಕಾರ್ಡು ಅಳಿಸಿ, ತೆರೆದು ನೋಡಿದರೆ ಅರ್ಧಕ್ಕರ್ಧ ಬೂದು ಪಟ್ಟಿ. ಅಕ್ಕ, ಡಿಸ್ಕ್ ತೆಗೀಬಹುದು ಅಂತ ಕಂಪ್ಯೂಟರೇ ಹೇಳ್ತು, ಆಮೇಲೇ ವೈರ್ ಎಳ್ದೆ, ಅಂದ. ಸುಳ್ಳು ಹೇಳ್ಬೇಡ ಕಣೋ, ಚಿಕ್ಕಂದಿನಿಂದ ನಿಂಗೆ ಎಲ್ಲದಕ್ಕೂ ಅವಸರ, ಅಂದೆ, ಊಟದ ಮೇಜಿನಲ್ಲಿ, ಅಪ್ಪ, ಅಮ್ಮ, ಅವನ ಹೆಂಡತಿ ಎಲ್ಲರ ಮುಂದೆ, ಕರ್ನಲ್ ಬರೆಯುವವಳ ಮಾತಿಗೆ ಎದುರುಂಟೇ. ಅವನು ಜಗಳವಾಡಲಿಲ್ಲ, ನಂಬಿಬಿಟ್ಟ. ನಂದೇ ಅವಸರ ಇರ್ಬೇಕು ಬಿಡು. ಸ್ಟುಡಿಯೋ ಮುಚ್ಚಿ ಈಗ ಗುರುತಿನ ಚೀಟಿಗೆ ಫೋಟೋ ತೆಗೆಯುತ್ತಾನೆ, ಗದ್ದ ಸ್ವಲ್ಪ ಮೇಲೆ, ನಗಬೇಡಿ.

ಹೊಸಬಳು ಒಂದು ಸಾಲು ಬರೆಯದೆ ಬಿಟ್ಟಿದ್ದಾಳೆ, ಈ ತಪ್ಪು ಯಾರ ಯಾವ ಬದಲಾವಣೆಯಿಂದ ಬಂತು ಎಂದು ಹೇಳುವ ಸಾಲು, ನಮ್ಮಲ್ಲಿ ಅದು ಪದ್ಧತಿ, ನನ್ನ ಮರ್ಯಾದೆಗೆ ಬಿಟ್ಟಳೋ, ಗೊತ್ತಿಲ್ಲದೆಯೋ. ಒಪ್ಪಿಗೆ ಎಂದು ಬರೆದರೆ ಮುಗಿಯಿತು, ಯಾರೂ ಕೇಳುವುದಿಲ್ಲ, ಕುಂಬಳಕಾಯಿ ಕಳ್ಳ ಅಂದರೆ ನಾನೇಕೆ ಹೆಗಲು ಮುಟ್ಟಿ ನೋಡಿಕೊಳ್ಳಲಿ — ಬರೆದೆ, ಆ ಸಾಲು ಸೇರಿಸಿ, ತಪ್ಪು ನನ್ನದು, ಕಳಿಸಿಯೂ ಆಯಿತು, ಏನೂ ಅನಿಸಲಿಲ್ಲ, ಗುರುತಿಲ್ಲದವರಿಗೆ ಹೇಳುವುದು ಸುಲಭ. ತಮ್ಮನ ನಂಬರ್ ತೆಗೆದು ಕೂತಿದ್ದೇನೆ, ನಾಚಿಕೆಯಾಗುತ್ತಿದೆ, ಏನೆಂದು ಶುರು ಮಾಡಲಿ, ಹೋದ ತಿಂಗಳು ನಮ್ಮ ಮನೆಯಲ್ಲಿ ಅಮ್ಮನ ಫೋಟೋಗಳನ್ನು ಡಿಸ್ಕಿಗೆ ಹಾಕಿದ, ಇನ್ನು ತೆಗೆಯಬಹುದು ಎಂದು ಪರದೆ ಹೇಳಿಯಾಯಿತು, ಆದರೂ ಕೂತೇ ಇದ್ದ, ಎರಡು ನಿಮಿಷ, ಮೂರು, ಬೆರಳು ವೈರಿನ ಹತ್ತಿರ, ಮುಟ್ಟದೆ, ನನ್ನ ಮುಖವನ್ನೇ ನೋಡುತ್ತ, ಅಕ್ಕ, ಈಗ ಎಳೀಲಾ, ಬೆರಳು ವೈರಿನ ಹತ್ತಿರ, ಈಗ ಎಳೀಲಾ