ಮಚ್ಛೇಂದ್ರ ಮಾಸ್ತರರು ಬಿಚ್ಚಿದ ರುಮಾಲು

ಮಚ್ಛೇಂದ್ರ ಮಾಸ್ತರರಿಗೆ ನಿಂತಲ್ಲಿ ನಿಲ್ಲುವುದೆಂಬುದೇ ಗೊತ್ತಿರಲಿಲ್ಲ. ಔರಾದಿನ ಸಾಲೆಯ ಬೆಂಚುಗಳ ನಡುವೆ ಬಲಗಾಲನ್ನು ಕೊಂಚ ಎಳೆಯುತ್ತ ಅತ್ತಿಂದಿತ್ತ ತಿರುಗುವರು, ಮೊಣಕೈಗೆ ತೇಪೆ ಹಾಕಿದ ಕರಿಯ ಕೋಟು, ತಲೆಗೆ ಭಾಲ್ಕಿಯ ಸಂತೆಯಲ್ಲಿ ಕೊಂಡ ಬಿಳಿಯ ರುಮಾಲು, ಎರಡು ಮಾತಿಗೊಮ್ಮೆ "ಯಾಕ? ಹ್ಯಾಂಗ?" ಎಂದು ಗೋಡೆಯನ್ನೂ ಬಿಡದೆ ಕೇಳುವರು. ಕೀಳು ಜಾತಿಯೆನಿಸಿಕೊಂಡ ಅವರ ಅಪ್ಪ ಗೌಡರ ಓಣಿ ದಾಟುವಾಗ ರುಮಾಲನ್ನು ಕಂಕುಳಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದನಂತೆ. ಮಗ ತಮ್ಮದನ್ನು ಮಲಗುವಾಗಷ್ಟೇ ತೆಗೆಯುತ್ತಿದ್ದರು.

ಸಾಲೆ ಬಿಟ್ಟು ವರ್ಷಗಳಾಗಿದ್ದ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂಡಗೊಟ್ಟವರು ಅವರೇ. ಬೀದರ ಆಗತಾನೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಉರ್ದುವಿನಲ್ಲಿ ಕಲಿತು ಕನ್ನಡದಲ್ಲಿ ಕಲಿಸಬೇಕಾದ ಮಾಸ್ತರರನ್ನು ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂದು ನೋಡಲು ದಕ್ಷಿಣದ ಇನ್‌ಸ್ಪೆಕ್ಟರರೊಬ್ಬರು ಬಂದರು. ಪಕ್ಕದ ಕುರ್ಚಿಯಲ್ಲಿ, ಸಾಲೆಗೆ ಜಾಗ ಕೊಟ್ಟ ಊರ ಗೌಡ ಹಣಮಂತಪ್ಪ.

ಅಂದಿನ ಪಾಠ ಜೀವಕೋಶದೊಳಗಿನ ಪ್ರೋಟೀನು. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವುದೊಂದು, ಸ್ನಾಯುವನ್ನು ಜಗ್ಗುವುದೊಂದು, ತಿಂದದ್ದನ್ನು ಒಡೆಯುವುದೊಂದು. ಎಲ್ಲವೂ ಸಣ್ಣ ಕೊಂಡಿಗಳ ಉದ್ದನೆಯ ಸರವೇ, ಆದರೆ ಪೋಣಿಸಿದ ಕ್ರಮ ಬೇರೆ, ಮಡಿಕೆ ಬೇರೆ, ಆದ್ದರಿಂದ ಕೆಲಸವೂ ಬೇರೆ ಎಂದರು. ಹುಡುಗರು ತಿಳಿಯದೆ ಕಣ್ಣು ಕಣ್ಣು ಬಿಟ್ಟರು. ಮಾಸ್ತರರಿಗೆ ತಡೆಯದಾಯಿತು. ಸರಕ್ಕನೆ ರುಮಾಲು ತೆಗೆದು, ಒಂದು ತುದಿಯನ್ನು ಮುಂದಿನ ಬೆಂಚಿಗೆ ಕೊಟ್ಟು, ಬಾಗಿಲತನಕ ಬಿಚ್ಚಿಕೊಂಡು ಹೋದರು.

"ಈಗ ಇದು ರುಮಾಲ ಏನು?"

"ಅಲ್ರಿ, ಬರೇ ಅರಿವಿ ಅದರಿ," ಬಟ್ಟೆಯ ತುದಿ ಹಿಡಿದ ಹುಡುಗ ಅಂದ.

"ನೂಲು ಅದೇ ಅದ. ಮಡಿಕಿ ಹೋತು, ಕೆಲಸ ಹೋತು. ತತ್ತಿ ಕುದಿಸಿದ್ರ ಒಳಗಿನ ಪ್ರೋಟೀನಿಗಿ ಆಗೋದೂ ಇದೇ."

ನಮ್ಮ ಸೀಮೆಯಲ್ಲಿ ಹಿರಿಯರೆದುರು ರುಮಾಲು ಬಿಚ್ಚುವುದು ಹೆಣ ಎತ್ತುವಾಗ, ಇಲ್ಲವೇ ತಪ್ಪೊಪ್ಪಿ ಕಾಲಿಗೆ ಇಡುವಾಗ. ಕಲಿಸುವ ಭರದಲ್ಲಿ ಮಾಸ್ತರರು ಅದನ್ನು ಮರೆತಿದ್ದರು, ಹಣಮಂತಪ್ಪ ಮರೆತಿರಲಿಲ್ಲ.

"ಯಾರ ಸತ್ತಾರಂತ ಬಿಚ್ಚಿದಿಯೋ? ಬಿಚ್ಚಿದಿ ಅಂದಮ್ಯಾಲ ತಂದು ನನ್ನ ಕಾಲಿಗಿ ಇಡು."

ಇನ್‌ಸ್ಪೆಕ್ಟರರು ಮಾಸ್ತರರ ಕಿವಿಯ ಬಳಿ ಬಾಗಿದರು. "ಇಟ್ಟುಬಿಡಿ ಮೇಷ್ಟ್ರೇ. ಇವತ್ತೇ ಕಾಯಂ ಅಂತ ಬರೆದುಬಿಡ್ತೀನಿ."

ಮಾಸ್ತರರು ಆಗ ಮೊದಲ ಸಲ ಕದಲದೆ ನಿಂತರು. ಆಮೇಲೆ ಬಟ್ಟೆಯನ್ನು ಎಳೆದುಕೊಂಡು, ಸುತ್ತಿನ ಮೇಲೆ ಸುತ್ತು, ತಲೆಗೆ ಸುತ್ತತೊಡಗಿದರು.

"ಪಾಠಕ್ಕ ಬಿಚ್ಚೇನ್ರಿ ಗೌಡ್ರ. ಕಾಲಿಗಿ ಇಡ್ಲಾಕ ಅಲ್ಲರಿ."

ಅವರು ಕಾಯಂ ಆಗಲಿಲ್ಲ. ಕಮಲನಗರಕ್ಕೆ ಹಂಗಾಮಿಯಾಗಿ ಹೋದರು, ಹಂಗಾಮಿಯಾಗಿಯೇ ಮುಪ್ಪಾದರು. ಹೊಸ ರಾಜ್ಯ ಬಂತೆಂದು ಪೇಢೆ ಹಂಚಿದ ನಾವು ಹಣಮಂತಪ್ಪನ ಕುರ್ಚಿಯನ್ನು ಒಂದಿಂಚೂ ಸರಿಸಲಿಲ್ಲ.

ಒಮ್ಮೆ ಬಾಗಿದರೆ ಬದುಕಿಡೀ ಅನ್ನ ಎಂದು ಜಾಣರು ಎಣಿಸುತ್ತಾರೆ. ಆ ಎಣಿಕೆ ಇಂಥವರ ತಲೆಗೆ ಹತ್ತುವುದಿಲ್ಲ. ತಿಳಿದ ಸತ್ಯವನ್ನು ಮಕ್ಕಳಿಗೆ ದಾಟಿಸಲು ತಾವಾಗಿ ತಲೆ ಬರಿದು ಮಾಡಿಕೊಳ್ಳಬಲ್ಲರು, ಮತ್ತೊಬ್ಬರ ಅಪ್ಪಣೆಗೆ ಮಾತ್ರ ಆಗದು. ಇಂಥವರನ್ನು ಹಂಗಾಮಿ ಎಂದು ಬರೆದಿಟ್ಟ ಸರಕಾರಗಳೇ ಬಂದು ಬಂದು ಹೋದವು.