ಡುಫಿಯೆ ಮಾಮೆಯ ಹೆಸರಿನ ಖಾತೆ

ಸತ್ತುಹೋದ ಟ್ಯಾಕ್ಸಿ ಚಾಲಕನೊಬ್ಬನ ಹಲ್ಲುಗಳನ್ನು ನಾನು ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡುತ್ತಿದ್ದಾಗ ಆ ಮೇಲ್ ಬಂತು. ಸೋಮವಾರ ಬೆಳಿಗ್ಗೆ. ಮನೆಯವರಿಗೆ ಅವನು ನಗುತ್ತಿರುವ ಫೋಟೋವೇ ಬೇಕಿತ್ತು. ಬದುಕಿದ್ದಾಗ ಆ ಮನುಷ್ಯ ಹಲ್ಲುಜ್ಜಿದ್ದ ಹಾಗೆ ಕಾಣಲಿಲ್ಲ. ಒಂದೊಂದೇ ಹಲ್ಲನ್ನು ತಿಕ್ಕುತ್ತ ಮೇಲ್ ತೆರೆದೆ. ನಿಮ್ಮ ವೆಬ್‌ಸೈಟಿಗೆ ಕೊಟ್ಟ ಬಾಡಿಗೆ ಜಾಗದ, ಅಂದರೆ ಹೋಸ್ಟಿಂಗಿನ, ಅವಧಿ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತದೆ, ಮುಂದುವರಿಸಲು ಎರಡು ಸಾವಿರದ ಮುನ್ನೂರ ನಲವತ್ತು ಸೀಡಿ ದುಡ್ಡು ಬೇಕು, ಕಟ್ಟದಿದ್ದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದಿತ್ತು. ಮೂರು ವರ್ಷದ ಹಿಂದೆ ಸೇರುವಾಗ ಮೂರೂ ವರ್ಷಕ್ಕೆ ಸೇರಿ ನೂರ ತೊಂಬತ್ತು ತೆಗೆದುಕೊಂಡಿದ್ದರು. ಮೊದಲು ಅಂಗೈಯಲ್ಲಿ ಬೆಲ್ಲ ಇಟ್ಟು, ಆಮೇಲೆ ಮೊಣಕೈಗೆ ಸವರಿ ನೆಕ್ಕು ಎನ್ನುವವರು ಇವರು.

ನನ್ನ ಫೋನಿನ ಮೊಬೈಲ್ ಮನಿಯಲ್ಲಿದ್ದದ್ದು ಮುನ್ನೂರು.

ಬಾಂತಾಮಾ ಬಡಾವಣೆಯಲ್ಲಿ ದೊಡ್ಡ ಆಸ್ಪತ್ರೆಯ ಎದುರು ನನ್ನ ಅಂಗಡಿ. ಅರ್ಜಿ ಟೈಪ್ ಮಾಡುತ್ತೇನೆ, ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹಾಕುತ್ತೇನೆ, ಎಲ್ಲಕ್ಕಿಂತ ಹೆಚ್ಚಾಗಿ ಸಾವಿನ ಪೋಸ್ಟರ್ ಮಾಡುತ್ತೇನೆ. ನಮ್ಮ ಕುಮಾಸಿ ನಗರದಲ್ಲಿ ಸತ್ತವರು ಗೋಡೆಗೆ ಹತ್ತದೆ ಮಣ್ಣಿಗೆ ಇಳಿಯುವುದಿಲ್ಲ. ಆದರೆ ಆ ವೆಬ್‌ಸೈಟ್ ಅಂಗಡಿಯದಲ್ಲ. ಅದು ರಕ್ತ ಕೊಡುವವರ ಪಟ್ಟಿ.

ಇಲ್ಲಿ ರೋಗಿಗೆ ರಕ್ತ ಬೇಕಾದರೆ ಆಸ್ಪತ್ರೆಯವರು ಬದಲಿಗೆ ರಕ್ತ ಕೊಡುವ ಜನರನ್ನು ಕರೆತನ್ನಿ ಎನ್ನುತ್ತಾರೆ. ನನ್ನ ಮಗಳು ಡುಫಿಯೆಗೆ ಹುಟ್ಟಿನಿಂದ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ. ವರ್ಷಕ್ಕೆ ಎರಡು ಮೂರು ಸಲ ನಾನು ಚರ್ಚು, ಮಾರುಕಟ್ಟೆ, ಟ್ರೋಟ್ರೋ ವ್ಯಾನುಗಳ ನಿಲ್ದಾಣ ಎಲ್ಲ ಕಡೆ ಸೆರಗೊಡ್ಡಿ ಓಡುತ್ತಿದ್ದೆ. ಅದನ್ನು ನೋಡಲಾರದೆ ನಮ್ಮ ಚರ್ಚಿನಲ್ಲಿ ಹಾಡುತ್ತಿದ್ದ ಕ್ವಾಕು ಮನು ಎಂಬ ಹುಡುಗ ವೆಬ್‌ಸೈಟ್ ಮಾಡಿಕೊಟ್ಟ. ರಕ್ತದ ಗುಂಪು ಮತ್ತು ಬಡಾವಣೆ ಒತ್ತಿದರೆ ಹತ್ತಿರದ ಮೂವರಿಗೆ ಸಂದೇಶ ಹೋಗುತ್ತದೆ. ಅವರ ನಂಬರು ಯಾರಿಗೂ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ಅದಕ್ಕೇ ಜನ ನಂಬಿ ಹೆಸರು ಕೊಟ್ಟರು. ಯಾರೂ ಸಿಗದೆ ಹೋದರೆ ಕರೆಯಲು ಪುಟದ ಕೆಳಗೆ ನನ್ನ ನಂಬರು. ಈಗ ಅದರಲ್ಲಿ ನಾನೂರ ಹನ್ನೆರಡು ಜನ ಇದ್ದಾರೆ.

ಡುಫಿಯೆ ಇಲ್ಲ. ಅವಳು ಹೋಗಿ ಹದಿನಾಲ್ಕು ತಿಂಗಳಾಯಿತು. ರಕ್ತ ಸಿಗದೆ ಹೋದದ್ದಲ್ಲ, ಸಿಕ್ಕಿತ್ತು. ಆ ಸಲ ಮೈ ಒಪ್ಪಲಿಲ್ಲ. ಹದಿಮೂರು ವರ್ಷ ನಡೆದಾಡಿದ ಹುಡುಗಿ ಈ ಊರಿಗೆ ಬಿಟ್ಟುಹೋದದ್ದು ಆ ಪಟ್ಟಿ ಒಂದೇ. ಅದೂ ಶುಕ್ರವಾರ ಅಳಿಸಿಹೋದರೆ ಅವಳು ಎರಡನೇ ಸಲ ಸತ್ತಂತೆ ಎಂದು ನನಗೆ ಅನಿಸಿತು, ಮೌಸ್ ಜಾರಿ ಟ್ಯಾಕ್ಸಿಯವನ ಒಂದು ಹಲ್ಲು ಇದ್ದಕ್ಕಿಂತ ಉದ್ದವಾಯಿತು.

ಎರಡು ದಿನ ಅಗ್ಗದ ಹೋಸ್ಟಿಂಗ್ ಹುಡುಕಿದೆ. ಪುಕ್ಕಟೆ ಕೊಡುವ ಒಂದು ಸಿಕ್ಕಿತು. ನೋಡಿದರೆ ರಕ್ತದ ಗುಂಪಿನ ಮೇಲೆಯೇ ಫುಟ್‌ಬಾಲ್ ಜೂಜಿನ ಜಾಹೀರಾತು, ಅದರಲ್ಲಿ ಅರೆಬಟ್ಟೆಯ ಹುಡುಗಿ ಕುಣಿಯುತ್ತಿದ್ದಳು. ಮಗುವನ್ನು ಹಾಸಿಗೆಯಲ್ಲಿ ಬಿಟ್ಟು ಬಂದ ತಾಯಿ ಅವಳ ಕುಣಿತ ನೋಡಬೇಕೇ? ಇನ್ನೊಂದು ಹೊರದೇಶದ್ದು, ಬೆಲೆಯೇನೋ ಹಗುರ, ಆದರೆ ಡಾಲರ್ ಕಾರ್ಡ್ ಬೇಕು. ನನ್ನ ಬಳಿ ಇರುವುದು ಚರ್ಚಿನ ಸದಸ್ಯತ್ವದ ಕಾರ್ಡ್. ಮತ್ತೊಂದು ತಿಂಗಳಿಗೆ ಹತ್ತು ಸೀಡಿ ಎಂದು ದಪ್ಪ ಅಕ್ಷರದಲ್ಲಿ ಬರೆದು, ನಾಲ್ಕು ವರ್ಷದ್ದು ಒಟ್ಟಿಗೆ ಕಟ್ಟಬೇಕು ಎಂದು ಇರುವೆಯಂಥ ಅಕ್ಷರದಲ್ಲಿ ಬರೆದಿತ್ತು. ಊಟ ರುಚಿಸಲಿಲ್ಲ. ಗಂಟೆಗೊಮ್ಮೆ ಪಟ್ಟಿ ಇನ್ನೂ ಇದೆಯೇ ಎಂದು ತೆರೆದು ನೋಡುತ್ತಿದ್ದೆ, ಹಾಗೆ ನೋಡಿ ನೋಡಿ ಇಂಟರ್ನೆಟ್ಟಿಗೆ ಹಾಕಿಸಿದ್ದ ದುಡ್ಡೂ ಕರಗುತ್ತಿತ್ತು.

ಬುಧವಾರ ಟ್ರೋಟ್ರೋ ಹತ್ತಿ ಅಡುಮ್ ಪೇಟೆಗೆ ಹೋದೆ. ಅಲ್ಲಿ ಫ್ರಿಂಪಾಂಗ್ ಎಂಬಾತ ಹೋಸ್ಟಿಂಗ್ ಮಾರುತ್ತಾನೆಂದು ಯಾರೋ ಹೇಳಿದ್ದರು. ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆ. ಗೆಣಸಿನ ಮೂಟೆಯ ಪಕ್ಕದಲ್ಲಿ ಒಂದು ಕಪ್ಪು ಪೆಟ್ಟಿಗೆ ಗುಂಯ್‌ಗುಡುತ್ತಿತ್ತು.

"ಇದೇನಾ ನಿಮ್ಮ ಸರ್ವರ್ರು? ಕರೆಂಟ್ ಹೋದ್ರೆ ಏನ್ ಮಾಡ್ತೀರಿ, ಬೀಸಣಿಗೆ ಬೀಸ್ತೀರಾ?" ಎಂದೆ.

"ಅದು ಯುಪಿಎಸ್ಸು, ಮೇಡಂ," ಎಂದ ಫ್ರಿಂಪಾಂಗ್, ಸಿಟ್ಟಾಗದೆ. "ಸರ್ವರ್ ಅಕ್ರಾದಲ್ಲಿದೆ. ನಾನು ಅದ್ರಲ್ಲಿ ಒಂದು ಮೂಲೆ ಬಾಡಿಗೆ ತಗೊಂಡಿದೀನಿ. ಆ ಮೂಲೇಲಿ ಒಂದು ಮೂಲೆ ನಿಮಗೆ ಕೊಡ್ತೀನಿ. ವರ್ಷಕ್ಕೆ ಇನ್ನೂರ ನಲವತ್ತು. ಮೊಬೈಲ್ ಮನೀಲೇ ಹಾಕಿ."

"ಬರೋ ವರ್ಷ ಎರಡು ಸಾವಿರ ಅಂತೀರಾ?"

"ಅಂದ್ರೆ ಬಂದು ಈ ಗೆಣಸಿನ ಮೂಟೆ ಎತ್ಕೊಂಡ್ಹೋಗಿ. ನಾನು ಇಲ್ಲೇ ಇರ್ತೀನಲ್ಲ, ಓಡ್ಹೋಗೋಕೆ ಜಾಗ ಎಲ್ಲಿದೆ?"

ಮೂರು ದಿನದಲ್ಲಿ ಮೊದಲ ಸಲ ನನಗೆ ನಗು ಬಂತು. ಅಲ್ಲೇ ದುಡ್ಡು ಹಾಕಿದೆ. ಆಮೇಲೆ ಅವನು ಕೇಳಿದ, "ಹಳೇ ಕಂಪನಿಯ ಖಾತೆಯ ಪಾಸ್‌ವರ್ಡ್ ಕೊಡಿ. ಒಳಗಿರೋ ಪಟ್ಟಿ ಇಳಿಸ್ಕೋಬೇಕು. ಅದಿಲ್ದೆ ನಾನು ಖಾಲಿ ಮನೆ ಕೊಟ್ಟ ಹಾಗಾಗತ್ತೆ."

ಪಾಸ್‌ವರ್ಡ್ ಇದ್ದದ್ದು ಕ್ವಾಕು ಮನುವಿನ ತಲೆಯಲ್ಲಿ. ಕ್ವಾಕು ಮನು ಇದ್ದದ್ದು ಗಲ್ಫಿನ ಯಾವುದೋ ಊರಿನಲ್ಲಿ. ಅವನ ಹಳೆಯ ನಂಬರು ಸತ್ತಿತ್ತು. ಹೆತ್ತ ತಾಯಿಗೇ ಅವನು ಫೋನ್ ಮಾಡುವುದು ಈಸ್ಟರಿಗೊಮ್ಮೆ.

ಕಂಪನಿಗೆ ಬರೆದೆ. ಬರೀ ಮೇಲ್ ನಂಬಿ ಕೊಡುವುದಿಲ್ಲ, ಗುರುತಿನ ಚೀಟಿ ಕಳಿಸಿ, ಖಾತೆಯ ಹೆಸರಿಗೆ ಹೊಂದಿದರೆ ಹೊಸ ಪಾಸ್‌ವರ್ಡ್ ಕೊಡುತ್ತೇವೆ ಎಂದರು. ಕಳಿಸಿದೆ. ಗುರುವಾರ ಬೆಳಿಗ್ಗೆ ಉತ್ತರ ಬಂತು: 'ಖಾತೆ ಡುಫಿಯೆ ಮಾಮೆ ಎಂಬವರ ಹೆಸರಿನಲ್ಲಿದೆ. ನೀವು ಕಳಿಸಿದ್ದು ಕಂಫರ್ಟ್ ಅಜೇವಾ ಎಂಬವರ ಚೀಟಿ. ಎರಡೂ ಹೆಸರು ಒಟ್ಟಿಗಿರುವ ದಾಖಲೆ ಇದ್ದರೆ ಕಳಿಸಿ.'

ಕ್ವಾಕು ಪಾಪ ಏನು ಮಾಡಿಯಾನು? ನಮ್ಮಲ್ಲಿ ಹೆಣ್ಣು ಒಂದು ಹೆತ್ತಳೆಂದರೆ ಅವಳ ಸ್ವಂತ ಹೆಸರು ಪೆಟ್ಟಿಗೆ ಸೇರುತ್ತದೆ. ಡುಫಿಯೆಯ ಮಾಮೆ, ಅಂದರೆ ಡುಫಿಯೆಯ ತಾಯಿ. ಮಾರುಕಟ್ಟೆಯಲ್ಲಿ, ಚರ್ಚಿನಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ನಾನು ಅವಳೇ. ನನಗೆ ಕಂಫರ್ಟ್ ಎಂಬ ಹೆಸರಿದೆಯೆಂದು ಕ್ವಾಕುವಿಗೆ ಗೊತ್ತೇ ಇರಲಿಲ್ಲ. ಖಾತೆ ಮಾಡುವಾಗ ಅವನು ಕೇಳಲೂ ಇಲ್ಲ, ಪಕ್ಕದಲ್ಲೇ ಕೂತಿದ್ದ ನಾನು ಹೇಳಲೂ ಇಲ್ಲ.

ಪಕ್ಕದ ಗೂಡಂಗಡಿಯಲ್ಲಿ ಅನ್ನ ಮತ್ತು ಅಲಸಂದೆಯ ವಾಚೆ ಮಾರುವ ಹಾಜಿಯಾ ರಾಬಿಯ ಮುಂದೆ ಗೋಳು ತೋಡಿಕೊಂಡೆ.

"ಅಯ್ಯೋ, ನನ್ ಕಾರ್ಡಲ್ಲಿ ಏನ್ ಹೆಸರಿದ್ಯೋ ನನಗೇ ನೆನಪಿಲ್ಲ ಕಣೆ," ಎಂದಳು ಹಾಜಿಯಾ. "ಊರೆಲ್ಲ ಕರಿಯೋದು ಸುಳ್ಳು, ಪ್ಲಾಸ್ಟಿಕ್ ಚೂರು ನಿಜ. ಅಫಿಡವಿಟ್ ಮಾಡ್ಸು ಹೋಗು."

"ಹೋಗಿದ್ದೆ. ಅದನ್ನ ಮಾಡ್ಕೊಡೋನು ಸಾವಿಗೆ ಅಂತ ಊರಿಗೆ ಹೋಗಿದಾನೆ. ಸೋಮವಾರ ಬರ್ತಾನಂತೆ."

"ಯಾರ ಸಾವು?"

"ಅವನ ಮಾವಂದು. ಪೋಸ್ಟರ್ ನಾನೇ ಮಾಡ್ಕೊಟ್ಟಿದ್ದು."

ಹಾಜಿಯಾ ನಗಲು ಹೋಗಿ, ನನ್ನ ಮುಖ ನೋಡಿ ಸೌಟು ಕೈಗೆತ್ತಿಕೊಂಡಳು. ಎಲೆಯಲ್ಲಿ ವಾಚೆ ಕಟ್ಟಿ ಕೈಗಿಟ್ಟು, "ತಿನ್ನು. ಹೊಟ್ಟೆ ಖಾಲಿ ಇದ್ರೆ ತಲೆ ಓಡಲ್ಲ," ಎಂದಳು. ಅದು ಸಂಜೆವರೆಗೂ ಕಂಪ್ಯೂಟರಿನ ಪಕ್ಕದಲ್ಲೇ ಹಾಗೇ ಇತ್ತು.

ಶುಕ್ರವಾರ ಹತ್ತು ಗಂಟೆಗೆ ಟ್ಯಾಕ್ಸಿಯವನ ಅಕ್ಕ ಪೋಸ್ಟರ್ ನೋಡಲು ಬಂದಳು. ಕಪ್ಪು ಬಟ್ಟೆ, ಅತ್ತು ಅತ್ತು ಬತ್ತಿದ ಗಂಟಲು. ಪರದೆಯ ಮುಂದೆ ಬಗ್ಗಿ ನಿಧಾನಕ್ಕೆ ಓದಿ, ಬೆರಳಿಟ್ಟಳು.

"ಇಷ್ಟೇನಾ? ಅವನ ಇನ್ನೊಂದು ಹೆಸರೆಲ್ಲಿ?"

"ಯಾವ ಇನ್ನೊಂದು ಹೆಸರು?" ಎಂದೆ. ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

"ನಿಧಾನವೇ ಪ್ರಧಾನ. ಟ್ಯಾಕ್ಸಿ ಹಿಂದೆ ಅದನ್ನೇ ಅಲ್ವಾ ಬರ್ಸಿದ್ದು? ಇಪ್ಪತ್ತು ವರ್ಷ ಜನ ಹಾಗೇ ಕರೆದಿದಾರೆ. ಬರೀ ಕಾರ್ಡಿನ ಹೆಸರು ಹಾಕಿದ್ರೆ ಸತ್ತೋನು ಯಾರು ಅಂತ ಊರಿಗೆ ಹೆಂಗ್ರೀ ಗೊತ್ತಾಗತ್ತೆ? ಎರಡೂ ಹಾಕಿ, ಒಂದರ ಪಕ್ಕ ಒಂದು."

ಒಂದರ ಪಕ್ಕ ಒಂದು. ಹನ್ನೊಂದು ವರ್ಷದಿಂದ ಮಾಡಿಕೊಂಡು ಬಂದ ಕೆಲಸವೇ ಅದು. ಸತ್ತವರಿಗೂ, ಕೆಳಗಿನ ಬಂಧುಗಳ ಪಟ್ಟಿಯಲ್ಲಿ ಬದುಕಿರುವವರಿಗೂ, ಕಾರ್ಡಿನ ಹೆಸರು, ಪಕ್ಕದಲ್ಲಿ ಕರೆಯುವ ಹೆಸರು. ನನ್ನ ಎರಡು ಹೆಸರೂ ಒಟ್ಟಿಗಿರುವ ದಾಖಲೆ ಜಗತ್ತಿನಲ್ಲಿ ಒಂದೇ ಒಂದು ಇತ್ತು. ಅದು ಈ ಕಂಪ್ಯೂಟರಿನಲ್ಲೇ ಇತ್ತು. ನಾಲ್ಕು ದಿನ ಅದರ ಮುಂದೆಯೇ ಕೂತಿದ್ದೆ. ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಗಲು ನಾನು ಬಿಟ್ಟಿರಲಿಲ್ಲ.

ನಮ್ಮಲ್ಲಿ ಮಗುವನ್ನು ಹೂಳಲು ಹೆತ್ತವರು ಹೋಗುವುದಿಲ್ಲ. ಮಗುವಿನ ಸಾವನ್ನು ಗೋಡೆಗೂ ಹಚ್ಚುವುದಿಲ್ಲ. ಮನೆಗೆ ಹಿರಿಯನಾದ ನನ್ನ ಸೋದರಮಾವ ಅಂದು ನನ್ನ ಭುಜ ಹಿಡಿದು, "ಬೇಡಮ್ಮಾ. ಅಂಟಿಸಿದ್ರೆ ಸಾವಿಗೆ ಮನೆ ದಾರಿ ತೋರಿಸಿದ ಹಾಗಾಗತ್ತೆ," ಎಂದಿದ್ದ. ಅವರೆಲ್ಲ ಅವಳನ್ನು ಎತ್ತಿಕೊಂಡು ಹೋದ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ಎಳೆದುಕೊಂಡು ಡುಫಿಯೆಯ ಪೋಸ್ಟರ್ ಮಾಡುತ್ತ ಕೂತಿದ್ದೆ. ಯಾರಿಗೋ ಮಾಡಿಕೊಡುವ ಹಾಗೆ ಪೂರ್ತಿ ಮಾಡಿದೆ, ಏನೂ ಬಿಡಲಿಲ್ಲ. ಅಚ್ಚು ಹಾಕಲಿಲ್ಲ. ಆಮೇಲೆ ತೆರೆದೂ ನೋಡಲಿಲ್ಲ.

ಈಗ ತೆರೆದೆ. ಗಂಟೆ ಹತ್ತೂ ಮುಕ್ಕಾಲು.

ಶಾಲೆಯ ಉಡುಪಿನಲ್ಲಿ, ಗಿಡ್ಡ ಕತ್ತರಿಸಿದ ಕೂದಲಿನಲ್ಲಿ ಅವಳು ನನ್ನನ್ನು ನೋಡಿದಳು. ಊರಿನವರ ಹಲ್ಲೆಲ್ಲ ಬಿಳಿ ಮಾಡುವ ನಾನು ಅವಳ ಕಣ್ಣಿಗೆ ಕಾಯಿಲೆ ತಂದಿದ್ದ ಹಳದಿಯನ್ನು ಮುಟ್ಟಿರಲಿಲ್ಲ. ಕೆಳಗೆ ಸಾಲುಗಳು. ತಾಯಿ: ಕಂಫರ್ಟ್ ಅಜೇವಾ, ಕರೆಯುವ ಹೆಸರು ಡುಫಿಯೆ ಮಾಮೆ.

"ಇದ್ಯಾರು?" ಎಂದಳು ಟ್ಯಾಕ್ಸಿಯವನ ಅಕ್ಕ.

"ನನ್ ಮಗಳು."

ಆಕೆ ಪರದೆಗೆ ಇನ್ನಷ್ಟು ಬಗ್ಗಿದಳು. "ಚೆನ್ನಾಗಿದಾಳೆ," ಎಂದಳು. "ಯಾವ ಗೋಡೆ ಮೇಲೂ ನೋಡಿಲ್ವಲ್ಲ ನಾನು."

"ಅಂಟಿಸಿಲ್ಲ," ಎಂದೆ.

ಪೋಸ್ಟರನ್ನೂ ಗುರುತಿನ ಚೀಟಿಯನ್ನೂ ಸೇರಿಸಿ ಕಂಪನಿಗೆ ಕಳಿಸಲು ಒತ್ತಿದೆ. ಅರ್ಧಕ್ಕೆ ಇಂಟರ್ನೆಟ್ ನಿಂತಿತು, ಅದಕ್ಕೆ ಹಾಕಿಸಿದ್ದ ದುಡ್ಡು ಮುಗಿದಿತ್ತು. ನನ್ನ ಬಾಯಿಂದ ಚರ್ಚಿಗೆ ಹೋಗುವವರು ಆಡಬಾರದ ಮಾತು ಬಂತು. ಟ್ಯಾಕ್ಸಿಯವನ ಅಕ್ಕ ಏನೂ ಕೇಳದೆ ತನ್ನ ಫೋನಿನಿಂದ ನನ್ನ ನಂಬರಿಗೆ ಇಂಟರ್ನೆಟ್ ಹಾಕಿದಳು. ಮತ್ತೆ ಒತ್ತಿದೆ. ಹೋಯಿತು. ಹನ್ನೊಂದು ಗಂಟೆ ಹತ್ತು ನಿಮಿಷ.

ಕಾದೆ. ಹನ್ನೊಂದೂ ಕಾಲು, ಹನ್ನೊಂದೂವರೆ. ಇಂಥದ್ದನ್ನೆಲ್ಲ ಒಪ್ಪುವುದಿಲ್ಲ ಎಂದು ಬರೆದುಬಿಟ್ಟರೆ ಏನು ಮಾಡುವುದೆಂದು ಗೊತ್ತಿರಲಿಲ್ಲ. ಡುಫಿಯೆಯ ಮುಖವನ್ನು ಪರಕೀಯರ ಮುಂದೆ ಬಿಚ್ಚಿಟ್ಟದ್ದೂ ದಂಡವಾದರೆ? ಟ್ಯಾಕ್ಸಿಯವನ ಅಕ್ಕ ಹೋಗಲಿಲ್ಲ, ಮಣೆಯ ಮೇಲೆ ಕೂತೇ ಇದ್ದಳು.

ಹನ್ನೊಂದು ಮೂವತ್ತೆಂಟಕ್ಕೆ ಉತ್ತರ ಬಂತು. 'ದಾಖಲೆ ಸರಿಯಾಗಿದೆ. ಹೊಸ ಪಾಸ್‌ವರ್ಡ್ ಮಾಡಿಕೊಳ್ಳಲು ಇಲ್ಲಿ ಒತ್ತಿ. ಇನ್ನೇನಾದರೂ ಸಹಾಯ ಬೇಕೇ?'

ಅಷ್ಟೇ. ಡುಫಿಯೆಯ ಪೋಸ್ಟರನ್ನು ತರಿಸಿಕೊಂಡು ನೋಡಿದವರು ಆ ಕಂಪನಿಯವರೊಬ್ಬರೇ, ಆಡಿದ ಮಾತು ಅದೊಂದೇ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಎರಡನ್ನೂ ನುಂಗಿ ಪಟ್ಟಿ ಇಳಿಸಿಕೊಂಡೆ. ನಾನೂರ ಹನ್ನೆರಡು ಸಾಲು. ಓದಲಿಲ್ಲ, ಓದುವುದಿಲ್ಲವೆಂದು ಹೆಸರು ಕೊಟ್ಟವರಿಗೆಲ್ಲ ಮಾತು ಕೊಟ್ಟಿದ್ದೆ. ಹನ್ನೆರಡಕ್ಕೆ ಆರು ನಿಮಿಷ ಇರುವಾಗ ಅದು ಫ್ರಿಂಪಾಂಗನಿಗೆ ತಲುಪಿತು.

ಅವನು ಫೋನ್ ಮಾಡಿದ. "ಬಂತು ಮೇಡಂ, ಎಲ್ಲಾ ಬಂತು. ಖಾತೆ ಯಾರ ಹೆಸರಲ್ಲಿ ಮಾಡ್ಲಿ? ಈ ಸಲ ಕಾರ್ಡಲ್ಲಿ ಇರೋದನ್ನೇ ಹೇಳಿ, ಕೈ ಮುಗೀತೀನಿ."

"ಕಂಫರ್ಟ್ ಅಜೇವಾ," ಎಂದೆ. ಗುರುತಿಲ್ಲದ ಹೆಂಗಸೊಬ್ಬಳ ಹೆಸರು ಹೇಳಿದಂತಾಯಿತು. ಮಗಳಿಲ್ಲದವಳ ಹೆಸರು ಅದು. ಬರೆದುಕೊಂಡ.

ಟ್ಯಾಕ್ಸಿಯವನ ಪೋಸ್ಟರಿನಲ್ಲಿ ಎರಡೂ ಹೆಸರು ಹಾಕಿ, ಉದ್ದವಾಗಿದ್ದ ಹಲ್ಲನ್ನು ಸರಿಮಾಡಿ, ನಲವತ್ತು ಪ್ರತಿ ತೆಗೆದುಕೊಟ್ಟೆ. ಆಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಹದಿನಾಲ್ಕು ತಿಂಗಳಿಂದ ಅಳದೇ ಇದ್ದದ್ದನ್ನೆಲ್ಲ ಅತ್ತೆ.

ಮೂರು ಗಂಟೆಗೆ ಸೈಟ್ ಹೊಸ ಜಾಗದಲ್ಲಿ ತೆರೆದುಕೊಂಡಿತು. ನಾಲ್ಕಕ್ಕೆ ಸ್ವಲ್ಪ ಮೊದಲು ಫೋನ್ ಬಂತು. ಗಂಡಸಿನ ದನಿ, ಓಡಿ ಬಂದಂತೆ ಏದುಸಿರು. ಹಿಂದಿನಿಂದ ವಾರ್ಡಿನ ಗದ್ದಲ, ಮಗುವೊಂದರ ಅಳು.

"ಹಲೋ, ಡುಫಿಯೆ ಮಾಮೆ ಅಲ್ವಾ? ನಿಮಗೇ ಫೋನ್ ಮಾಡು ಅಂದ್ರು. ರಕ್ತ ಕೊಡೋರು ಯಾರೂ ಸಿಕ್ತಿಲ್ಲ ನಮಗೆ..."

"ಹೂಂ, ಡುಫಿಯೆ ತಾಯೀನೇ," ಎಂದೆ. "ಗಾಬರಿ ಆಗ್ಬೇಡಿ. ಮಗು ಹೆಸರು ಹೇಳಿ, ಆಮೇಲೆ ಗುಂಪು ಹೇಳಿ."